ಸೂಪರ್‌ವೈಸರಿಗೆ ಮನಸ್ಸು ಅಳವಡಿಸುವ ವಿಧಾನ

(ಗಾರ್ಮೆಂಟ್ಸ್ ಕಾರ್ಖಾನೆಗಳ ಬಳಕೆಗೆ. ಪಾಂಡವಪುರ ಉಪವಿಭಾಗದ ಆವೃತ್ತಿ.)



‘ಭಾವನಾತ್ಮಕ ಬುದ್ಧಿಮತ್ತೆ’ ಎಂಬ ಈ ಸಾಧನವನ್ನು ಕೊಂಡಿದ್ದಕ್ಕೆ ವಂದನೆಗಳು. ಅಳವಡಿಸುವ ಮೊದಲು ಕೈಪಿಡಿಯನ್ನು ಪೂರ್ತಿ ಓದಿ. ಓದದೆ ಅಳವಡಿಸಿ, ಮೂರು ತಿಂಗಳಾದ ಮೇಲೆ ‘ಪ್ರೊಡಕ್ಷನ್ ಒಂದು ಪೀಸೂ ಏರಲಿಲ್ಲವಲ್ರೀ’ ಎಂದು ಎಚ್‌ಆರ್ ಮೇಡಂ ಮೇಲೆ ಹರಿಹಾಯ್ದರೆ ತಯಾರಕರು ಹೊಣೆಯಲ್ಲ. ಹಾಗೆ ಹರಿಹಾಯುವುದೇ ಸಾಧನ ಇನ್ನೂ ನಿಮ್ಮಲ್ಲಿ ಕೂತಿಲ್ಲ ಎನ್ನುವುದಕ್ಕೆ ಸಾಕ್ಷಿ.

ಈ ಆವೃತ್ತಿಯನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹವೆಗೆ ಹೊಂದಿಸಲಾಗಿದೆ. ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಈ ನಾಲ್ಕು ಪಾಂಡವಪುರದ ಉಪವಿಭಾಗಾಧಿಕಾರಿಗಳ ಕೆಳಗೆ ಬರುತ್ತವೆ. ಕಬ್ಬು, ಭತ್ತ, ರೇಷ್ಮೆ, ಹಸು ಎಂದು ನಡೆಯುತ್ತಿದ್ದ ಸಂಸಾರಗಳಿಗೆ ಈಗ ಗಾರ್ಮೆಂಟ್ಸ್ ಸಂಬಳವೂ ಆಸರೆ. ನಸುಕಿನಲ್ಲೆದ್ದು ಡೇರಿಗೆ ಹಾಲು ಹಾಕಿ, ಮುದ್ದೆ ತಿರುವಿ, ಮಕ್ಕಳ ಜಡೆ ಹೆಣೆದು, ಅತ್ತೆಯ ಮಾತ್ರೆ ಎಣಿಸಿಟ್ಟು, ಸೆರಗು ಸರಿಮಾಡಿಕೊಳ್ಳುತ್ತ ಕಂಪನಿ ವ್ಯಾನು ಹತ್ತುವ ಹೆಂಗಸರೇ ಇಲ್ಲಿನ ಟೈಲರುಗಳು. ಮೆಷಿನ್ ಸ್ವಿಚ್ ಹಾಕುವ ಹೊತ್ತಿಗೆ ಅವರ ಒಂದು ಶಿಫ್ಟು ಮುಗಿದಿರುತ್ತದೆ. ಈ ಸಂಗತಿಯನ್ನು ಮರೆತು ಸಾಧನ ಚಾಲೂ ಮಾಡಿದರೆ ಫ್ಯೂಸ್ ಹೋಗುತ್ತದೆ.

ಪೆಟ್ಟಿಗೆಯೊಳಗೆ ಏನಿದೆ

ನಾಲ್ಕು ಭಾಗಗಳಿವೆ. ಎದುರಿನವರ ಭಾವನೆಯನ್ನು ಗುರುತಿಸುವುದು, ಅದನ್ನು ಯೋಚನೆಗೆ ಬಳಸಿಕೊಳ್ಳುವುದು, ಅದು ಯಾಕೆ ಹುಟ್ಟಿತೆಂದು ಅರ್ಥ ಮಾಡಿಕೊಳ್ಳುವುದು, ಕೊನೆಗೆ ತನ್ನದನ್ನೂ ಅವರದನ್ನೂ ನಿಭಾಯಿಸುವುದು. ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1990ರಲ್ಲಿ ಈ ಸಾಧನದ ನಕ್ಷೆ ಬರೆದರು. ನಾಲ್ಕು ಭಾಗಗಳಾಗಿ ಬಿಡಿಸಿದ್ದೂ ಮುಂದೆ ಅವರೇ. ಡೇನಿಯಲ್ ಗೋಲ್ಮನ್ ಎಂಬ ಪತ್ರಕರ್ತ 1995ರಲ್ಲಿ ಪುಸ್ತಕ ಬರೆದು ಅದನ್ನು ಜಗತ್ತಿಗೆಲ್ಲ ಮಾರಿದ. ಅಂದಿನಿಂದ ಹೋಟೆಲುಗಳ ಹವಾನಿಯಂತ್ರಿತ ಹಾಲುಗಳಲ್ಲಿ, ಎರಡು ಬಿಸ್ಕತ್ತು ಒಂದು ಕಾಫಿಯ ಜೊತೆ, ಇದನ್ನು ಮ್ಯಾನೇಜರುಗಳಿಗೆ ಹಂಚುತ್ತಿದ್ದಾರೆ. ಹೊಲಿಗೆ ಲೈನಿನ ಹತ್ತಿರ ಇದು ಬರುವುದು ಅಪರೂಪ. ಬಂದರೂ ತಪ್ಪು ವಿಳಾಸಕ್ಕೆ ಬರುತ್ತದೆ.

ಎಲ್ಲಿ ಅಳವಡಿಸಬೇಕು

ಗ್ರಾಹಕರು ಎಡವುವುದು ಇಲ್ಲೇ. ಸಾಧನ ತರಿಸಿದ ಕೂಡಲೇ ಟೈಲರುಗಳನ್ನು ಕ್ಯಾಂಟೀನಿನಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ‘ಉಸಿರು ಒಳಗೆ ತಗೊಳ್ಳಿ, ಒತ್ತಡ ಹೊರಗೆ ಬಿಡಿ’ ಎನ್ನಿಸುತ್ತಾರೆ. ಹೊರಗೆ ಬಿಟ್ಟ ಒತ್ತಡ ಕ್ಯಾಂಟೀನ್ ಬಾಗಿಲಲ್ಲಿ ಪ್ಯಾಡ್ ಹಿಡಿದು ನಿಂತಿರುತ್ತದೆ. ಅದರ ಹೆಸರು ಸೂಪರ್‌ವೈಸರ್.

ಡೇನಾ ಜೋಸೆಫ್ ಮತ್ತು ಡೇನಿಯಲ್ ನ್ಯೂಮನ್ ಎಂಬ ಇಬ್ಬರು 2010ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ತೂಗಿ ನೋಡಿದರು. ದಿನವಿಡೀ ಜನರೊಡನೆ ಏಗಬೇಕಾದ ಕೆಲಸಗಳಲ್ಲಿ ಈ ಬುದ್ಧಿ ಇದ್ದವರ ಕೆಲಸ ಚೆನ್ನಾಗಿತ್ತು. ಜನರ ಗೊಡವೆ ಕಡಿಮೆ ಇರುವ ಕೆಲಸಗಳಲ್ಲಿ ಲಾಭ ಕಾಣಲಿಲ್ಲ, ಲೆಕ್ಕ ಉಲ್ಟಾ ಹೊಡೆದದ್ದೂ ಉಂಟು. ಕಾಲರ್ ಕೂರಿಸುವ ಹೆಂಗಸಿನ ವ್ಯವಹಾರವೆಲ್ಲ ಸೂಜಿ, ದಾರ, ಬಟ್ಟೆಯ ಜೊತೆ. ಅವಳ ಹಿಂದೆ ನಿಂತವನದು ಅವಳ ಜೊತೆ. ಸ್ಕ್ರೂ ಯಾರಿಗೆ ತಿರುಗಿಸಬೇಕೆಂದು ಇನ್ನು ಹೇಳಬೇಕಾಗಿಲ್ಲ.

ಹಾಗೆಂದು ಸೂಪರ್‌ವೈಸರನನ್ನು ರಾಕ್ಷಸನೆಂದುಕೊಳ್ಳಬೇಡಿ. ಅವನೂ ನಾಗಮಂಗಲ ಕಡೆಯ ಯಾವುದೋ ಹಳ್ಳಿಯಿಂದ ಡಿಪ್ಲೊಮಾ ಮುಗಿಸಿ ಬಂದವನು, ಸಂಬಳ ಟೈಲರಿಗಿಂತ ಚೂರು ಮೇಲೆ. ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1983ರ ತನ್ನ ಪುಸ್ತಕದಲ್ಲಿ ಎರಡು ಬಗೆಯ ನೌಕರರನ್ನು ಜೋಡಿಸಿ ತೋರಿಸಿದ್ದಾಳೆ: ಸಂಬಳಕ್ಕಾಗಿ ನಗುವ ಗಗನಸಖಿಯರು, ಸಂಬಳಕ್ಕಾಗಿ ಗದರಿಸುವ ಸಾಲ ವಸೂಲಿಯವರು. ನಮ್ಮ ಸೂಪರ್‌ವೈಸರ್ ಎರಡನೆಯ ಜಾತಿ. ಖರೀದಿದಾರ ಕಂಪನಿ ಪ್ರೊಡಕ್ಷನ್ ಮ್ಯಾನೇಜರಿಗೆ ಇ-ಮೇಲ್ ಹಾಕುತ್ತದೆ, ಮ್ಯಾನೇಜರ್ ಫ್ಲೋರ್ ಇನ್‌ಚಾರ್ಜಿಗೆ ಬೈಯುತ್ತಾನೆ, ಇನ್‌ಚಾರ್ಜ್ ಸೂಪರ್‌ವೈಸರಿಗೆ, ಅವನು ಲೈನಿಗೆ. ವಿಶ್ವೇಶ್ವರಯ್ಯ ನಾಲೆಯ ನೀರು ಕೊನೆ ಭಾಗದ ಗದ್ದೆಗೆ ತಲುಪದೆ ಹೋಗಬಹುದು. ಈ ಬೈಗುಳ ಮಾತ್ರ ಕೊನೆಯ ಮೆಷಿನ್‌ವರೆಗೂ ತಪ್ಪದೆ ಹರಿಯುತ್ತದೆ. ಆದ್ದರಿಂದ ಸಾಧನದ ಒಂದೊಂದು ಜೊತೆಯನ್ನು ಮೇಲಿನ ಎಲ್ಲರಿಗೂ ಕೊಳ್ಳಿ. ಬೇರೆ ಬೇರೆ ತರಿಸಿದರೆ ರಿಯಾಯಿತಿ ಇಲ್ಲ.

ಮೊದಲ ಭಾಗ: ಗುರುತಿಸುವುದು

ಬೆಂಗಳೂರಿನಲ್ಲಿ ತಯಾರಾದ ತರಬೇತಿ ಪುಸ್ತಕಗಳಲ್ಲಿ ‘ಏರಿದ ದನಿ ಕೋಪದ ಲಕ್ಷಣ’ ಎಂದು ಬರೆದಿರುತ್ತದೆ. ಮಂಡ್ಯ ಜಿಲ್ಲೆಯ ಗಡಿ ದಾಟಿದೊಡನೆ ಆ ಪುಟವನ್ನು ಹರಿದುಹಾಕಿ. ಇಲ್ಲಿ ‘ಊಟಾಯ್ತಾ’ ಎಂದು ಕೇಳುವುದೂ ಕೂಗಿಯೇ. ಎರಡು ಲೈನ್ ಆಚೆಯಿಂದ ‘ಯೋಯ್ ಅಕ್ಕೋ, ಬಾಕ್ಸಲ್ಲಿ ಏನಮ್ಮೀ ತಂದಿದ್ದೀಯೆ, ಉಪ್ಸಾರಾ?’ ಎಂಬ ಗರ್ಜನೆ ಕೇಳಿದರೆ ಜಗಳವೆಂದು ಸೆಕ್ಯೂರಿಟಿಯನ್ನು ಕರೆಯಬೇಡಿ. ಅದು ಅಕ್ಕರೆ. ದನಿ ಎಷ್ಟು ಜೋರೋ ನಂಟು ಅಷ್ಟು ಹತ್ತಿರ. ಟೈಲರಮ್ಮ ನಿಮ್ಮೆದುರೇ ‘ಏನ್ ಸಾ ನೀವು, ನಮ್ನೇನ್ ಮಿಸಿನ್ ಅನ್ಕಂಡಿದ್ದೀರಾ, ಹೋದ್ ಗಂಟೇಲಿ ದಾರ ಕಟ್ಟಾಗಿ ಕಟ್ಟಾಗಿ ಸಾಯ್ತಿದ್ದೀವಿ’ ಎಂದು ರೇಗಿದರೆ ಸಂತೋಷಪಡಿ. ಅವಳಿಗೆ ಇನ್ನೂ ಕೆಲಸದ ಮೇಲೆ ನಂಬಿಕೆಯಿದೆ, ನಿಮ್ಮ ಮೇಲೂ ಇದೆ. ಅದರಲ್ಲಿ ದಾರದ ದೋಷದ ಮಾಹಿತಿಯೂ ಇದೆ, ಮೆಕ್ಯಾನಿಕ್‌ನನ್ನು ಕರೆಸಿ.

ಅಪಾಯದ ದೀಪ ಬೇರೆ. ನೀವು ನಾಲ್ಕು ಜನರ ಮುಂದೆ ‘ಆಗಲ್ಲ ಅಂದ್ರೆ ಮನೇಲಿ ಮುದ್ದೆ ತಿರುವ್ಕೊಂಡಿರು ಹೋಗಮ್ಮ’ ಎಂದಿರಿ. ಅವಳು ತಲೆ ಎತ್ತಲಿಲ್ಲ. ಕಣ್ಣು ಸೂಜಿಯ ಮೇಲೆ, ಕಾಲು ಪೆಡಲ್ ಮೇಲೆ. ಮೆಲ್ಲಗೆ ‘ಆಯ್ತು ಬುಡಿ ಸಾ’ ಎಂದಳು. ಈ ಮೂರು ಮಾತು ಕೇಳಿದ ಸೂಪರ್‌ವೈಸರುಗಳಲ್ಲಿ ಹೆಚ್ಚಿನವರು ‘ದಾರಿಗೆ ಬಂದ್ಲು’ ಎಂದುಕೊಂಡು ಮುಂದಿನ ಮೆಷಿನ್‌ಗೆ ಹೋಗುತ್ತಾರೆ. ಅವಳು ಹೋಗುವ ದಾರಿಯೇ ಬೇರೆ. ಸೋಮವಾರ ವ್ಯಾನಿನಲ್ಲಿ ಅವಳ ಸೀಟು ಖಾಲಿ ಇರುತ್ತದೆ, ಗುರುವಾರದ ಹೊತ್ತಿಗೆ ಅವಳು ಪಕ್ಕದ ಕಾರ್ಖಾನೆಯ ಗೇಟಿನಲ್ಲಿ ಆಧಾರ್ ಜೆರಾಕ್ಸ್ ಹಿಡಿದು ನಿಂತಿರುತ್ತಾಳೆ, ಅವಳ ಜೊತೆ ಅವಳ ಓರಗಿತ್ತಿಯೂ.

ಎರಡನೆಯ ಭಾಗ: ಯೋಚನೆಗೆ ಬಳಸುವುದು, ಅಂದರೆ ಲೆಕ್ಕ

ಮಾಲೀಕರು ಕರುಣೆಯ ಮಾತನ್ನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಸ್ಟಾಪ್‌ವಾಚನ್ನು ನಂಬಿ. ಪ್ರತಿ ಹೊಲಿಗೆಗೂ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರು ಇಷ್ಟು ನಿಮಿಷ ಎಂದು ಗೊತ್ತುಮಾಡಿರುತ್ತಾರೆ, ಅದನ್ನು ಎಸ್‌ಎಎಂ ಎನ್ನುತ್ತಾರೆ. ಒಂದು ಕಾಲರ್ ಕೂರಿಸಲು ಮುಕ್ಕಾಲು ನಿಮಿಷ ಎಂದಿಟ್ಟುಕೊಳ್ಳಿ. ಗಂಟೆಗೆ 80 ಕಾಲರ್. ದಾರ ಕಡಿದರೆ, ಬಾಬಿನ್ ಬದಲಾಯಿಸಿದರೆ, ನೀರು ಕುಡಿದರೆ, ಬಾತ್‌ರೂಮಿಗೆ ಹೋದರೆ ಎಂದು ಅದರಲ್ಲೇ ಒಂದಿಷ್ಟು ರಿಯಾಯಿತಿ ಸೇರಿಸಿರುತ್ತಾರೆ. ಬೈಸಿಕೊಂಡದ್ದಕ್ಕೆ ರಿಯಾಯಿತಿ ಸೇರಿಸಿದ ಎಸ್‌ಎಎಂ ಇನ್ನೂ ಬಂದಿಲ್ಲ.

ಈಗ ಬೈಯಿರಿ. ಅವಳು ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದು ಬರಲು ಆರು ನಿಮಿಷ. ಎಂಟು ಕಾಲರ್ ಹೋಯಿತು. ಹೋದದ್ದು ಅಷ್ಟೇ ಅಲ್ಲ. ಕಾಲರ್ ಬರದೆ ಮುಂದಿನ ಮೆಷಿನ್‌ನವಳು ಕೈಕಟ್ಟಿ ಕೂತಳು, ಹಿಂದಿನವಳ ಬಳಿ ಬಂಡಲ್ ಗುಡ್ಡೆ ಬಿತ್ತು. ಬಂದು ಕೂತಮೇಲೆ ಕಣ್ಣು ಮಂಜಾಗಿ ಹೊಲಿಗೆ ಒಂದು ನೂಲು ಆಚೆ ಹೋಯಿತು. ಮಧ್ಯಾಹ್ನ ಚೆಕ್ಕಿಂಗ್ ಟೇಬಲ್ಲಿನಿಂದ ಕೆಂಪು ಸ್ಟಿಕ್ಕರ್ ಅಂಟಿಸಿಕೊಂಡು ಆಲ್ಟ್ರೇಷನ್ ಪೀಸುಗಳು ವಾಪಸ್ ಬಂದವು. ಬಿಚ್ಚಬೇಕು, ಮತ್ತೆ ಹೊಲಿಯಬೇಕು. ಹೊಲಿಯುವುದಕ್ಕಿಂತ ಬಿಚ್ಚುವುದು ನಿಧಾನ. ಆ ಗಂಟೆಯ ಬೋರ್ಡಿನ ಮೇಲೆ 61 ಎಂದು ಬರೆದದ್ದನ್ನು ಕಂಡು ನೀವು ಮತ್ತೊಮ್ಮೆ ಬೈದಿರಿ. ಲೈನಿನ ಹೆಂಗಸರು ಲೆಕ್ಕದಲ್ಲಿ ನಿಮಗಿಂತ ಚುರುಕು, ‘ಸಾರ್ ಬೈದ್ರೆ ಹತ್ತು ಪೀಸ್ ಕಮ್ಮಿ’ ಎಂಬುದು ಅವರಿಗೆ ಗೊತ್ತು. ನಿಮಗೆ ಹೇಳುವುದಿಲ್ಲ ಅಷ್ಟೆ.

ಮೂರನೆಯ ಭಾಗ: ಕಾರಣ ತಿಳಿಯುವುದು

ಗೋಡೆಯ ಮೇಲಿನ ಕ್ಯಾಲೆಂಡರ್ ಅನ್ನು ಇಳಿಸಿ, ಊರಿನದನ್ನು ತೂಗುಹಾಕಿ. ಗೌರಿ ಹಬ್ಬಕ್ಕೆ ತವರಿಂದ ಅಣ್ಣ ಬರುವ ದಿನ, ಮಾರ್ಲಮಿಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ, ಯುಗಾದಿಯ ಮರುದಿನದ ಹೊಸತೊಡಕು, ಮೇಲುಕೋಟೆಯ ವೈರಮುಡಿ, ತಮ್ಮೂರ ಮಾರಿಹಬ್ಬ. ಹೊಸತೊಡಕಿನಂದು ಪೂರ್ಣ ಹಾಜರಾತಿ ನಿರೀಕ್ಷಿಸುವ ಮ್ಯಾನೇಜರಿಗೆ ಈ ಕೈಪಿಡಿಯಿಂದ ಏನೂ ಉಪಯೋಗವಿಲ್ಲ, ಹಣ ವಾಪಸ್ ಪಡೆಯಬಹುದು. ಜಾಣರಾದವರು ವಾರ ಮೊದಲೇ ‘ಯಾರ್ ಯಾರ್ ಊರಲ್ಲಿ ಯಾವಾಗ ಹಬ್ಬಾನಮ್ಮ?’ ಎಂದು ಕೇಳಿ ಬರೆದುಕೊಂಡು, ಆ ದಿನದ ಟಾರ್ಗೆಟ್ಟನ್ನು ಹಿಂದುಮುಂದು ಹಂಚುತ್ತಾರೆ. ಕೇಳಿಸಿಕೊಂಡವರು ತಪ್ಪದೆ ಮರುದಿನ ಬರುತ್ತಾರೆ, ಒಬ್ಬಟ್ಟೂ ತರುತ್ತಾರೆ.

ಹಬ್ಬವಲ್ಲದ ದಿನಗಳೂ ಇವೆ. ಸಂಘದ ಸಾಲದ ಕಂತು ಕಟ್ಟುವ ದಿನ ಬೆಳಗ್ಗೆಯಿಂದ ಲೈನಿನಲ್ಲಿ ಮಾತು ಕಮ್ಮಿ. ಮಗುವಿಗೆ ಜ್ವರವಿರುವ ತಾಯಿಯ ಕೈ ಗಂಟೆಗೊಮ್ಮೆ ನಿಲ್ಲುತ್ತದೆ, ಕಣ್ಣು ಫೋನ್ ಇಟ್ಟ ಲಾಕರಿನ ಕಡೆ ಓಡುತ್ತದೆ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಗೋಲ್ಮನ್ ಎರಡು ವರ್ಷದ ಮಗುವಾಗಿದ್ದಾಗ ಬಂದ ಕಾನೂನು ಅದು. ಮಗು ಕೆಳಗಿನ ಕೋಣೆಯಲ್ಲಿ ಮಲಗಿದೆ ಎಂದು ಗೊತ್ತಿರುವ ತಾಯಿಗೆ ಒತ್ತಡ ನಿರ್ವಹಣೆಯ ಸ್ಲೈಡು ಬೇಕಾಗುವುದಿಲ್ಲ.

ಸಿಟ್ಟು ಇಳಿಸುವ ಮೊದಲು ಸೆಕೆ ಇಳಿಸಿ ಎಂಬುದು ಇದೇ ಭಾಗದ ಉಪನಿಯಮ. ಬೆಂಗಳೂರು ಸುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹಳೆಯ ದೀಪ ತೆಗೆದು ಎಲ್‌ಇಡಿ ದೀಪ ಹಾಕಿದಾಗ ಏನಾಯಿತೆಂದು ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಾಷದಮ್ ಎಂಬ ಅರ್ಥಶಾಸ್ತ್ರಜ್ಞರು ಅಳೆದಿದ್ದಾರೆ. ಕರೆಂಟ್ ಉಳಿತಾಯಕ್ಕೆಂದು ಹಾಕಿದ ದೀಪ, ಬಿಸಿ ಕಡಿಮೆ ಸೂಸಿದ್ದರಿಂದ, ಬಿಸಿಲು ಹೆಚ್ಚಿದ ದಿನಗಳಲ್ಲಿ ಉತ್ಪಾದನೆಯನ್ನೂ ಮೇಲೆತ್ತಿತು. ಏಪ್ರಿಲ್ ತಿಂಗಳಲ್ಲಿ ತಗಡಿನ ಚಾವಣಿ ಕೆಳಗೆ, ಐರನ್ ಟೇಬಲ್ಲಿನ ಹಬೆಯ ಪಕ್ಕ ನಿಂತು ಒಂದು ಗಂಟೆ ಕೆಲಸ ಮಾಡಿ ನೋಡಿದವರಿಗೆ ಇದಕ್ಕೆ ಅರ್ಥಶಾಸ್ತ್ರ ಬೇಡ.

ನಾಲ್ಕನೆಯ ಭಾಗ: ನಿಭಾಯಿಸುವುದು, ಅಂದರೆ ಕೇಳುವ ಕಿವಿ

ಇದೇ ಸಂಶೋಧಕರ ಬಳಗ ಇನ್ನೊಂದು ಪರೀಕ್ಷೆ ಮಾಡಿತು. ಸಂಬಳ ಏರಿಕೆ ಹೆಂಗಸರು ಎಣಿಸಿದ್ದಕ್ಕಿಂತ ಕಡಿಮೆ ಬಂದು ಎಲ್ಲರ ಮುಖ ಸಪ್ಪಗಾಗಿದ್ದ ಹೊತ್ತು. ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ, ಹೆಸರು ಬರೆಸಿಕೊಳ್ಳದೆ, ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ ನಡೆಸಿಕೊಳ್ಳುತ್ತಾನೆ ಎಂದು ಕೇಳಿದರು. ಕೇಳಿದ್ದು ಅಷ್ಟೆ. ಹಾಗೆ ಕೇಳಿಸಿಕೊಂಡವರಲ್ಲಿ ಕೆಲಸ ಬಿಟ್ಟವರೂ ಗೈರಾದವರೂ ಉಳಿದವರಿಗಿಂತ ಕಡಿಮೆಯಾದರು, ಅದರಲ್ಲೂ ಹೆಚ್ಚು ನಿರಾಸೆಗೊಂಡಿದ್ದವರಲ್ಲಿ. ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಇದಕ್ಕೆಂದೇ ಗೋಡೆಗೆ ಬೀಗ ಹಾಕಿದ ಸಲಹಾ ಪೆಟ್ಟಿಗೆ ಇರುತ್ತದೆ, ಸಿಸಿಟಿವಿ ಕ್ಯಾಮೆರಾದ ನೇರ ಕೆಳಗೆ. ಅದನ್ನು ಬಾತ್‌ರೂಮಿಗೆ ಹೋಗುವ ಓಣಿಗೆ ಸ್ಥಳಾಂತರಿಸಿ. ಪತ್ರ ಬಂದರೆ ಕೈಬರಹ ಯಾರದೆಂದು ಹುಡುಕಬೇಡಿ.

ದೋಷ ಪತ್ತೆ

ಸೂಪರ್‌ವೈಸರ್ ಸಿಹಿಯಾಗಿ ಮಾತಾಡುತ್ತಿದ್ದಾನೆ, ಟಾರ್ಗೆಟ್ ಮಾತ್ರ ಹತ್ತು ಪೀಸ್ ಏರಿದೆ: ಇದು ಸಾಧನದ ನಕಲಿ. ‘ಅಕ್ಕಾ ಪ್ಲೀಸ್ ಅಕ್ಕಾ’ ಎಂದು ಊಟದ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಕದಿಯುವವನು ಬೈದು ಕದಿಯುವವನಿಗಿಂತ ಅಪಾಯಕಾರಿ, ಯಾಕೆಂದರೆ ಅವನ ಮೇಲೆ ದೂರು ಕೊಡಲೂ ಬಾಯಿ ಬರುವುದಿಲ್ಲ.

ಸಾಧನ ತಿಂಗಳ ಕೊನೆಯ ವಾರ ಕೆಲಸ ಮಾಡುತ್ತಿಲ್ಲ: ಶಿಪ್‌ಮೆಂಟ್ ದಿನಾಂಕ ನೋಡಿ. ಓಟಿ ಎಂದು ರಾತ್ರಿವರೆಗೆ ಕೂರಿಸಿ ದುಪ್ಪಟ್ಟು ಕೂಲಿ ಕೊಡದ ಕಡೆ ಯಾವ ಬುದ್ಧಿಮತ್ತೆಯೂ ನಿಲ್ಲುವುದಿಲ್ಲ. ದಿನಕ್ಕೆ ಹನ್ನೆರಡು ಗಂಟೆವರೆಗೆ ದುಡಿಸಲು ಅವಕಾಶ ಕೊಟ್ಟು ಕರ್ನಾಟಕ ಸರ್ಕಾರ 2023ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿತು. ಡೇರಿಯ ಹಾಲು, ಮುದ್ದೆ, ಜಡೆಯ ಗಂಟೆಗಳನ್ನು ಆ ಹನ್ನೆರಡರ ಮೇಲೆ ಕೂಡಿಸಿಕೊಳ್ಳಿ.

ಖಾತರಿ ಮತ್ತು ಅದರ ಮಿತಿ

ಸಾಧನ ಕೆಲಸ ಮಾಡುತ್ತದೆಯೇ? ಮಾಡುತ್ತದೆ, ಬರೀ ಉಸಿರಾಟಕ್ಕೆ ನಿಲ್ಲಿಸದೆ ಸರಿಯಾಗಿ ಕಲಿಸಿದರೆ ಟೈಲರುಗಳಿಗೆ ಅಳವಡಿಸಿದಾಗಲೂ; ಅದಕ್ಕೆ ಕರ್ನಾಟಕದ್ದೇ ಸಾಕ್ಷಿಯಿದೆ. ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್‌ನ ಐದು ಕಾರ್ಖಾನೆಗಳಲ್ಲಿ ಹೊಲಿಗೆಯ ಹೆಂಗಸರಿಗೆ ಮಾತುಕತೆ, ಸಮಯ ಮತ್ತು ಒತ್ತಡದ ನಿರ್ವಹಣೆ, ಸಮಸ್ಯೆ ಬಿಡಿಸುವುದು ಇವನ್ನೆಲ್ಲ ವಾರಕ್ಕೆ ಎರಡು ಗಂಟೆಯಂತೆ ಕಲಿಸಿದರು, ಒಟ್ಟು ಸುಮಾರು 80 ಗಂಟೆ. ಯಾರಿಗೆ ಕಲಿಸುವುದು ಎಂಬುದನ್ನು ಲಾಟರಿಯಲ್ಲಿ ಎತ್ತಿದ್ದರಿಂದ ಕಲಿತವರನ್ನೂ ಕಲಿಯದವರನ್ನೂ ಸರಿಯಾಗಿ ಹೋಲಿಸಬಹುದಿತ್ತು. ಕಲಿತವರ ಉತ್ಪಾದನೆ ಇಪ್ಪತ್ತು ಪರ್ಸೆಂಟ್ ಹೆಚ್ಚು ಎಂದು 2018ರ ಮೊದಲ ವರದಿ ಹೇಳಿತು. ಮುಂದೆ ತಿದ್ದಿ ಪ್ರಕಟಿಸಿದಾಗ 13.5 ಪರ್ಸೆಂಟ್. ತರಬೇತಿ ಮುಗಿದ ಎಂಟು ತಿಂಗಳೊಳಗೆ ಕಂಪನಿಗೆ ಹಾಕಿದ ದುಡ್ಡು ವಾಪಸ್ ಬಂದು, ಅದರ ಎರಡೂವರೆ ಪಟ್ಟು ಲಾಭ ಬಂತು. ಹೆಂಗಸರ ಸಂಬಳ? ಮೊದಲ ವರದಿಯ ಪ್ರಕಾರ ಅರ್ಧ ಪರ್ಸೆಂಟ್ ಏರಿತು. ನೂರು ರೂಪಾಯಿಗೆ ಐವತ್ತು ಪೈಸೆ.

ಆದ್ದರಿಂದ ಖಾತರಿಯ ಷರತ್ತನ್ನು ದಪ್ಪಕ್ಷರದಲ್ಲಿ ಓದಿ: ಉತ್ಪಾದನೆ ಏರುವುದಕ್ಕೆ ಖಾತರಿ ಉಂಟು, ಏರಿದ್ದರಲ್ಲಿ ಹೊಲಿದವಳಿಗೆ ಪಾಲು ಸಿಗುವುದಕ್ಕೆ ಇಲ್ಲ.

ಖಾತರಿ ಒಳಗೊಳ್ಳದ ಇನ್ನೂ ಕೆಲವು ಸಂದರ್ಭಗಳಿವೆ. 2020ರ ಏಪ್ರಿಲ್‌ನಿಂದ ರಾಜ್ಯದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಸಿಗಬೇಕಿದ್ದ ತುಟ್ಟಿಭತ್ಯೆಯ ಹೆಚ್ಚಳ ತಿಂಗಳಿಗೆ 417 ರೂಪಾಯಿ. ಕೊರೊನಾ ನೆಪದಲ್ಲಿ ಸರ್ಕಾರ ಅದನ್ನು ಮುಂದೂಡಿತು, ವಿಷಯ ಹೈಕೋರ್ಟಿಗೂ ಹೋಯಿತು, ವಿದೇಶಿ ಬ್ರ್ಯಾಂಡುಗಳವರೆಗೆ ದೂರು ಮುಟ್ಟಿತು. ಬಾಕಿ ಕೈಗೆ ಬರಲು ಸುಮಾರು ಎರಡು ವರ್ಷ ಎಳೆದಾಡಬೇಕಾಯಿತು. ಆ ಎರಡು ವರ್ಷದಲ್ಲಿ ಯಾವ ಸೂಪರ್‌ವೈಸರ್ ಎಷ್ಟು ನಕ್ಕು ಮಾತಾಡಿಸಿದ್ದರೂ 417 ಎಂಬುದು 417ಏ.

ಶ್ರೀರಂಗಪಟ್ಟಣದಲ್ಲೇ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ ಯೂರೋ ಕ್ಲೋಥಿಂಗ್ ಎಂಬ ಘಟಕವಿತ್ತು. 1,200ಕ್ಕೂ ಹೆಚ್ಚು ಜನ, ಬಹುಪಾಲು ಹೆಂಗಸರು. 2020ರ ಜೂನ್ 6ರಂದು ಅವರನ್ನೆಲ್ಲ ಲೇ-ಆಫ್ ಮಾಡಲಾಯಿತು. ಕೊರೊನಾದಿಂದ ಆರ್ಡರ್ ಇಲ್ಲ ಎಂದಿತು ಕಂಪನಿ. ಯೂನಿಯನ್ ಮುರಿಯುವ ಹುನ್ನಾರ ಎಂದಿತು ಕಾರ್ಮಿಕರ ಸಂಘ. ಹೆಂಗಸರು ವಾರಗಟ್ಟಲೆ ಕಾರ್ಖಾನೆಯ ಮುಂದೆ ಕೂತರು. ಕೊನೆಗೆ 2021ರಲ್ಲಿ, ಬೇರೆ ಘಟಕಗಳಲ್ಲಿ ಮತ್ತೆ ಕೆಲಸ ಕೊಡುವ ಬಗ್ಗೆ ಕಂಪನಿಗೂ ಯೂನಿಯನ್ನಿಗೂ ಒಪ್ಪಂದವಾಯಿತು. ಎದುರಿನವರ ಭಾವನೆ ಗುರುತಿಸುವುದು, ಕಾರಣ ತಿಳಿಯುವುದು, ನಿಭಾಯಿಸುವುದು ಎಂದು ಸಾಧನದ ಪೆಟ್ಟಿಗೆ ಮೇಲೆ ಬರೆದಿದೆಯಲ್ಲ, ಅದನ್ನೆಲ್ಲ ಆ ದಿನಗಳಲ್ಲಿ ಮಾಡಿದವರು ಗೇಟಿನ ಹೊರಗೆ ಪ್ಲಾಸ್ಟಿಕ್ ಶೀಟು ಹಾಸಿಕೊಂಡು ಕೂತಿದ್ದವರು. ಅವರಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಇನ್ನು ತಯಾರಕರ ಕಡೆಯಿಂದ ಮಾಲೀಕರಲ್ಲಿ ಒಂದೇ ವಿನಂತಿ. ಸಾಧನ ಕೂತ ಮೇಲೆ, ಲೈನಿನ ಬೋರ್ಡಿನಲ್ಲಿ ಪೀಸುಗಳ ಸಂಖ್ಯೆ ಏರಿದ ಮೇಲೆ, ನೀವು ಹೇಗೂ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಸರ್ಟಿಫಿಕೇಟ್ ಕೊಟ್ಟು ಗ್ರೂಪ್ ಫೋಟೋ ತೆಗೆಸುತ್ತೀರಿ. ಫೋಟೋಗ್ರಾಫರನ್ನು ಕರೆಸುವ ಮೊದಲು ಅಕೌಂಟ್ಸ್ ವಿಭಾಗದವರನ್ನು ಕರೆಸಿ, ಆ ತಿಂಗಳ ಪೇ ಸ್ಲಿಪ್‌ನಲ್ಲಿ ಏರಿದ ಉತ್ಪಾದನೆಯ ಪಾಲು ಎಂದು ಒಂದು ಸಾಲು ಸೇರಿಸಿಸಿ. ಎಷ್ಟು ಎಂದು ಕೇಳಿದರೆ, ಐವತ್ತು ಪೈಸೆಗಿಂತ ಹೆಚ್ಚು.